ಸಣ್ಣ ಕೊಳವೆಗೆ ಯಾವ ಕಡ್ಡಿ? ಕಾಲುಚೀಲ, ಕುಲಾವಿ ಹೆಣೆಯುವವರಿಗೆ ಒಂದು ಮೂಲೆ ಲೆಕ್ಕ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂದು ಆಡಿಕೊಳ್ಳುವ ಗಾದೆ ಹೆಣಿಗೆಯವರಿಗೆ ಅನ್ವಯಿಸುವುದಿಲ್ಲ. ಹುಟ್ಟಿದ ಮೇಲೆ ಕಡ್ಡಿ ಹಿಡಿದರೆ ಕುಲಾವಿ ಮುಗಿಯುವಷ್ಟರಲ್ಲಿ ಕೂಸಿನ ತಲೆ ಅದನ್ನು ಮೀರಿ ಬೆಳೆದಿರುತ್ತದೆ. ನನ್ನ ಅಕ್ಕನ ಮಗಳಿಗೆ ಇದು ಗೊತ್ತು. ಏಳು ತಿಂಗಳು ತುಂಬುತ್ತಿದ್ದಂತೆಯೇ ಫೋನ್ ಮಾಡಿ, "ಚಿಕ್ಕಮ್ಮ, ಅಂಗಡಿಯಲ್ಲಿ ಕೇಳಿದರೆ ಐದು ಕಡ್ಡಿಯ ಕಟ್ಟು ಕೊಡುತ್ತಾರೆ. ಮೊಬೈಲಿನಲ್ಲಿ ನೋಡಿದರೆ ಎಲ್ಲರೂ ಉದ್ದನೆಯ ಕೇಬಲ್ ಇರುವ ಒಂದೇ ಕಡ್ಡಿಯಲ್ಲಿ ಕಾಲುಚೀಲ ಹೆಣೆಯುತ್ತಿರುತ್ತಾರೆ. ನಾನು ಯಾವುದನ್ನು ಕೊಳ್ಳಲಿ?" ಎಂದು ಕೇಳಿದಳು. ಅದೇ ವಾರ ಬೆರಳ ಗಂಟು ನೋಯುವ ಪಕ್ಕದ ಮನೆಯವರೂ, ಮಗಳ ಬಾಣಂತನಕ್ಕೆ ಜರ್ಮನಿಗೆ ಹೊರಟಿದ್ದ ಗೆಳತಿಯೂ ಹೆಚ್ಚುಕಡಿಮೆ ಇದನ್ನೇ ಕೇಳಿದರು. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಏಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ತೊಡಕು ಎಲ್ಲಿದೆ ಎಂದು ನೋಡೋಣ. ಕಡ್ಡಿ ನೇರ, ಕೊಳವೆ ಗುಂಡು. ದೊಡ್ಡವರ ಟೊಪ್ಪಿಗೆಯ ಸುತ್ತಳತೆ ಸುಮಾರು 50 ಸೆಂಟಿಮೀಟರ್. 40 ಸೆಂಟಿಮೀಟರಿನ ಸಾಮಾನ್ಯ ಸರ್ಕ್ಯುಲರ್ ಕಡ್ಡಿಯಲ್ಲಿ, ಅಂದರೆ ಎರಡು ಚೂಪು ತುದಿಗಳನ್ನು ಬಾಗುವ ಕೇಬಲಿನಿಂದ ಕೂಡಿಸಿದ ಕಡ್ಡಿಯಲ್ಲಿ, ಅದು ಸಲೀಸಾಗಿ ಸುತ್ತುತ್ತದೆ. ಕಾಲುಚೀಲದ ಸುತ್ತಳತೆ 20 ಸೆಂಟಿಮೀಟರ್ ಇದ್ದರೆ ಹೆಚ್ಚು. ಕೂಸಿನದಾದರೆ ಹನ್ನೊಂದೋ ಹನ್ನೆರಡೋ. ಅಷ್ಟು ಕುಣಿಕೆಗಳನ್ನು 40 ಸೆಂಟಿಮೀಟರಿನ ಕಡ್ಡಿಯ ಸುತ್ತ ಎಳೆದು ಕೂರಿಸಲು ಆಗುವುದಿಲ್ಲ. ಹಾಗಾಗಿ ಸಣ್ಣ ಕೊಳವೆ ಹೆಣೆಯುವ ಪ್ರತಿಯೊಂದು ಉಪಾಯವೂ ವೃತ್ತವನ್ನು ಎಲ್ಲೋ ಒಂದು ಕಡೆ ಮುರಿದು ಮೂಲೆ ಮಾಡುತ್ತದೆ. ಐದು ಕಡ್ಡಿಯಲ್ಲಿ ನಾಲ್ಕು ಮೂಲೆ, ಉದ್ದನೆಯ ಕೇಬಲನ್ನು ಮಡಿಸಿ ಹೆಣೆಯುವ ಮ್ಯಾಜಿಕ್ ಲೂಪಿನಲ್ಲಿ ಎರಡು, ಗೇಣುದ್ದದ ಪುಟಾಣಿ ಸರ್ಕ್ಯುಲರಿನಲ್ಲಿ ಒಂದೂ ಇಲ್ಲ. ಮೂಲೆ ಕಡಿಮೆಯಾದಷ್ಟೂ ಒಳ್ಳೆಯದಲ್ಲವೇ ಎಂದರೆ, ಮೂಲೆ ಉಳಿಸಿದ್ದಕ್ಕೆ ಬೆರಳೋ ಕೇಬಲ್ಲೋ ಕೈಚೀಲವೋ ಬೇರೆ ಕಡೆ ತೆರಿಗೆ ಕಟ್ಟಬೇಕಾಗುತ್ತದೆ. ಯಾವ ತೆರಿಗೆ ನಿಮಗೆ ಹಗುರ ಎಂಬುದನ್ನು ನೋಡಿ ಕಡ್ಡಿ ಆರಿಸಬೇಕು.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಕೊಳವೆ ಎಷ್ಟು ಸಣ್ಣದು ಎಂಬುದಕ್ಕಿಂತ ಕೊನೆಗೆ ಎಷ್ಟು ಸಣ್ಣದಾಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ದೊಡ್ಡವರ ಕಾಲುಚೀಲ 64 ಕುಣಿಕೆಯಲ್ಲಿ ಶುರುವಾದರೂ ಬೆರಳ ತುದಿಗೆ ಬರುವಾಗ ಹದಿನಾರಕ್ಕೋ ಇಪ್ಪತ್ತಕ್ಕೋ ಇಳಿಯುತ್ತದೆ. ಕುಲಾವಿಯ ನೆತ್ತಿ ಎಂಟು ಕುಣಿಕೆಗೆ ಬಂದು ನಿಲ್ಲುತ್ತದೆ. ಆರಂಭಕ್ಕೆ ಹೊಂದುವ ಕಡ್ಡಿ ಅಂತ್ಯಕ್ಕೆ ಹೊಂದದೆ ಹೋಗಬಹುದು. ಹೊಸಬರು ಎಡವುವುದು ಇಲ್ಲಿಯೇ.

ಎರಡನೆಯದು ನೂಲು. ಉಣ್ಣೆಗೆ ಸ್ಪ್ರಿಂಗಿನ ಗುಣವಿದೆ. ಮೂಲೆಯಲ್ಲಿ ಬಿಟ್ಟುಹೋದ ಸಡಿಲ ಒಂದೆರಡು ಸಲ ಒಗೆದ ಮೇಲೆ ಅಕ್ಕಪಕ್ಕದ ಕುಣಿಕೆಗಳಲ್ಲಿ ಹಂಚಿಹೋಗುತ್ತದೆ. ಹತ್ತಿಗೆ ಆ ಕರುಣೆಯಿಲ್ಲ, ನೀವು ಮಾಡಿದ ತಪ್ಪನ್ನು ಅದು ಹಾಗೆಯೇ ಕಾಪಾಡುತ್ತದೆ. ಕರಾವಳಿಯಲ್ಲೋ ಬಯಲುಸೀಮೆಯಲ್ಲೋ ಹುಟ್ಟುವ ಕೂಸಿಗೆ ಹತ್ತಿ ನೂಲನ್ನೇ ಆರಿಸುತ್ತೀರಿ. ಆಗ ಮೂಲೆ ಕಡಿಮೆ ಇರುವ ಉಪಾಯಕ್ಕೆ ಬೆಲೆ ಹೆಚ್ಚು. ಮಡಿಕೇರಿಯ ಚಳಿಗೆಂದು ಉಣ್ಣೆಯಲ್ಲಿ ಹೆಣೆಯುವವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ನಿಮ್ಮ ಕೈ. ತೆಳುವಾದ ಗಿಡ್ಡ ಕಡ್ಡಿ ಹಿಡಿದರೆ ನೋಯುತ್ತದೆಯೇ, ಬೆವರುತ್ತದೆಯೇ, ಬಿಗಿಯಾಗಿ ಹೆಣೆಯುವ ಕೈಯೋ ಸಡಿಲ ಕೈಯೋ. ಅದರ ಜೊತೆಗೆ ಹೆಣೆಯುವ ಜಾಗ. ಮನೆಯ ಮೂಲೆಯ ಕುರ್ಚಿಯಲ್ಲಿ ಕೂತು ಹೆಣೆಯುವುದು ಒಂದು, ಹಾಲು ಉಕ್ಕುತ್ತದೆಂದು ನಡುವೆ ಎದ್ದು ಓಡುತ್ತ, ಬಸ್ಸಿನಲ್ಲಿ ಎರಡು ನಿಲ್ದಾಣಗಳ ನಡುವೆ ನಾಲ್ಕು ಸುತ್ತು ಹೆಣೆಯುವುದು ಇನ್ನೊಂದು. ಕೊನೆಯದು ದುಡ್ಡು. ಒಂದು ಕಡ್ಡಿಯ ಬೆಲೆಯನ್ನಷ್ಟೇ ಇಲ್ಲಿ ನೋಡಬಾರದು. ಅದೇ ಕಡ್ಡಿಯಲ್ಲಿ ಇನ್ನೇನೇನು ಹೆಣೆಯಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಏನನ್ನೂ ಕೊಳ್ಳದ ದಾರಿ

ಮನೆಯಲ್ಲಿ ಎರಡು ನೇರ ಕಡ್ಡಿಗಳಿದ್ದರೆ ಚಪ್ಪಟೆಯಾಗಿ ಹೆಣೆದು ಅಂಚು ಕೂಡಿಸಿ ಹೊಲಿಯಬಹುದು. ನಮ್ಮ ತಾಯಂದಿರಲ್ಲಿ ಬಹಳ ಮಂದಿ ಮಕ್ಕಳ ಬೂಟೀಸ್ ಮಾಡಿದ್ದು ಹೀಗೆಯೇ. ಅವುಗಳಲ್ಲಿ ಕೆಲವು ಇಂದಿಗೂ ಬೀರುವಿನ ಅಡಿಯಲ್ಲಿ ನುಸಿಗುಳಿಗೆಯ ವಾಸನೆ ಹೊತ್ತು ಗಟ್ಟಿಮುಟ್ಟಾಗಿವೆ. ಇದರಲ್ಲಿ ಮೂಲೆಗಳಲ್ಲಿ ಏಣಿ, ಅಂದರೆ ಕಿಂಡಿಗಳ ಸಾಲು, ಬೀಳುವ ಭಯವಿಲ್ಲ, ಕಡ್ಡಿ ಜಾರುವ ಭಯವಿಲ್ಲ. ಬದಲಿಗೆ ಒಂದು ಹೊಲಿಗೆ ಇರುತ್ತದೆ. ಅದು ಅಂಗಾಲಿನ ಕೆಳಗೆ ಬಂದರೆ ನಡೆಯುವ ಮಗುವಿಗೆ ಒತ್ತುತ್ತದೆ. ಇನ್ನೂ ನಡೆಯದ ಕೂಸಿಗೆ, ಹೊಲಿಗೆಯನ್ನು ಹೊರಮೈಗೆ ಬರುವಂತೆ ಮಾಡಿದರೆ, ಯಾವ ತೊಂದರೆಯೂ ಇಲ್ಲ. ಜೀವಮಾನದಲ್ಲಿ ಒಂದೇ ಜೊತೆ ಹೆಣೆಯುವ ಉದ್ದೇಶವಿದ್ದರೆ ಇಲ್ಲಿಗೇ ಓದು ನಿಲ್ಲಿಸಿ, ಉಳಿದ ದುಡ್ಡಿಗೆ ಒಳ್ಳೆಯ ನೂಲು ಕೊಳ್ಳಿ.

ಐದು ಕಡ್ಡಿಯ ಕಟ್ಟು

ಎರಡೂ ತುದಿ ಚೂಪಾಗಿರುವ ಈ ಗಿಡ್ಡ ಕಡ್ಡಿಗಳೇ ಎಲ್ಲಕ್ಕಿಂತ ಹಳೆಯವು. ಹ್ಯಾಂಬರ್ಗಿನ ಕಲಾ ಸಂಗ್ರಹಾಲಯದಲ್ಲಿ ಬುಕ್ಸ್‌ಟೆಹುಡೆ ಎಂಬ ಊರಿನ ಬಲಿಪೀಠದ ಚಿತ್ರಗಳಿವೆ. ಸುಮಾರು 1400ರ ಕಾಲದವು, ಮೈಸ್ಟರ್ ಬರ್ಟ್ರಾಮ್ ಎಂಬ ಚಿತ್ರಕಾರನ ಹೆಸರಿಗೆ ಸೇರಿದವು. ಅದರಲ್ಲೊಂದು ಕಡೆ ಮೇರಿ ಮಾತೆ ಮಗನ ಅಂಗಿಯ ಕುತ್ತಿಗೆಯನ್ನು ಇಂಥ ಕಡ್ಡಿಗಳಲ್ಲಿ ಸುತ್ತುಸುತ್ತಾಗಿ ಹೆಣೆಯುತ್ತ ಕೂತಿದ್ದಾಳೆ. ಆರು ನೂರು ವರ್ಷಗಳ ಹಿಂದೆಯೇ ತಾಯಂದಿರ ಕೈಯಲ್ಲಿದ್ದ ಸಲಕರಣೆಯನ್ನು "ಹೊಸಬರಿಗೆ ಕಷ್ಟ" ಎಂದು ಬದಿಗೆ ಸರಿಸುವುದು ನನಗೆ ಸರಿ ಕಾಣುವುದಿಲ್ಲ.

ಕ್ರಮ ಸರಳ. ಕುಣಿಕೆಗಳನ್ನು ನಾಲ್ಕು ಕಡ್ಡಿಗೆ ಹಂಚಿ, ಐದನೆಯದರಿಂದ ಹೆಣೆಯುತ್ತ ಹೋಗುವುದು. ಒಂದು ಕಡ್ಡಿ ಖಾಲಿಯಾದಾಗ ಅದೇ ಮುಂದಿನ ಹೆಣೆಯುವ ಕಡ್ಡಿ. ಕೆಲವು ಕಟ್ಟುಗಳಲ್ಲಿ ನಾಲ್ಕೇ ಇರುತ್ತವೆ, ಆಗ ಮೂರಕ್ಕೆ ಹಂಚಬೇಕು. ಸಾಧ್ಯವಿದ್ದರೆ ಐದರ ಕಟ್ಟನ್ನೇ ಕೊಳ್ಳಿ. ಮೂರು ಕಡ್ಡಿ ಸೇರಿ ತ್ರಿಕೋನವಾದಾಗ ಮೂಲೆ ಕಿರಿದು, 60 ಡಿಗ್ರಿ. ನಾಲ್ಕು ಸೇರಿ ಚೌಕವಾದಾಗ 90. ಮೂಲೆ ಕಿರಿದಾದಷ್ಟೂ ಅಲ್ಲಿ ನೂಲು ಹೆಚ್ಚು ಎಳೆದುಕೊಂಡು, ಕುಣಿಕೆಗಳ ನಡುವೆ ಮೇಲಿಂದ ಕೆಳಗಿನವರೆಗೆ ಏಣಿಯ ಮೆಟ್ಟಿಲಿನಂಥ ಕಿಂಡಿಗಳು ಬೀಳುತ್ತವೆ. ಐದರಲ್ಲಿ ಒಂದು ಕಳೆದುಹೋದರೂ ನಾಲ್ಕರಲ್ಲಿ ಕೆಲಸ ನಡೆಯುತ್ತದೆ ಎಂಬುದು ಇನ್ನೊಂದು ಕಾರಣ. ಕಳೆಯುವುದಂತೂ ಖಚಿತ.

ಏಣಿ ಬೀಳದಂತೆ ನೋಡಿಕೊಳ್ಳಲು ಮೂಲೆ ದಾಟಿದ ಕೂಡಲೇ ಮೊದಲ ಕುಣಿಕೆಯನ್ನು ಜಗ್ಗಿ ಬಿಗಿ ಮಾಡುವವರೇ ಹೆಚ್ಚು. ಮೊದಲನೆಯದನ್ನು ಸಾಧಾರಣವಾಗಿ ಹೆಣೆದು, ಎರಡನೆಯದಕ್ಕೆ ಕಡ್ಡಿ ಚುಚ್ಚಿದ ಮೇಲೆ ನೂಲನ್ನು ಜಗ್ಗಿದರೆ ಫಲ ಹೆಚ್ಚು, ಆಗ ಎರಡೂ ಒಟ್ಟಿಗೆ ಬಿಗಿಯಾಗುತ್ತವೆ. ಎರಡು ಸೀದಾ ಎರಡು ಉಲ್ಟಾ ಕುಣಿಕೆಗಳ ರಿಬ್, ಅಂದರೆ ಹಿಗ್ಗುವ ಪಟ್ಟೆಯ ಅಂಚು, ಹಾಕುವಾಗ ಪ್ರತಿ ಕಡ್ಡಿಯೂ ಸೀದಾ ಕುಣಿಕೆಯಿಂದ ಶುರುವಾಗುವಂತೆ ಹಂಚಿಕೊಳ್ಳಬೇಕು. ಮೂಲೆಯಲ್ಲಿ ಉಲ್ಟಾ ಬಂದರೆ ಕಿಂಡಿ ಇನ್ನೂ ಅಗಲವಾಗುತ್ತದೆ. 64 ಕುಣಿಕೆಯನ್ನು ಹದಿನಾರರಂತೆ ನಾಲ್ಕು ಪಾಲು ಮಾಡಿದರೆ ಇದು ತಾನಾಗಿಯೇ ಕೂಡಿಬರುತ್ತದೆ. ಅಷ್ಟರಿಂದಲೂ ಆಗದಿದ್ದರೆ ಸುತ್ತಿಗೊಂದು ಕುಣಿಕೆಯನ್ನು ಪಕ್ಕದ ಕಡ್ಡಿಗೆ ಸರಿಸುತ್ತ ಹೋಗಿ, ಸಡಿಲವೆಲ್ಲ ಓರೆಯಾಗಿ ಹರಡಿ ಕಣ್ಣಿಗೆ ಬೀಳದೆ ಹೋಗುತ್ತದೆ.

ಮೊದಲ ಎರಡು ಸುತ್ತು ನಿಜಕ್ಕೂ ತ್ರಾಸ. ಕುಣಿಕೆ ಹಾಕಿದ ಕಡ್ಡಿಗಳು ಮುಳ್ಳುಹಂದಿಯಂತೆ ದಿಕ್ಕಿಗೊಂದು ಚಾಚಿಕೊಂಡು, ಕೂಡಿಸಬೇಕಾದ ತುದಿ ಎಲ್ಲಿದೆ, ನಡುವೆ ತಿರುಚಿದೆಯೇ ಎಂಬುದು ತಿಳಿಯುವುದಿಲ್ಲ. ಇದಕ್ಕೊಂದು ಉಪಾಯವಿದೆ. ಮೊದಲ ಎರಡು ಸಾಲನ್ನು ಚಪ್ಪಟೆಯಾಗಿಯೇ ಹೆಣೆದು, ಆಮೇಲೆ ಕಡ್ಡಿಗಳಿಗೆ ಹಂಚಿ ಸುತ್ತಿಗೆ ಕೂಡಿಸಿ. ಅಂಚಿನಲ್ಲಿ ಉಳಿಯುವ ಪುಟ್ಟ ಸೀಳನ್ನು ಆರಂಭದ ನೂಲಿನ ತುದಿಯಿಂದಲೇ ಹೊಲಿದುಬಿಡಬಹುದು. ಹೆಣೆಯುವಾಗ ನಿಮ್ಮ ಕೈಯಲ್ಲಿರುವುದು ಎರಡೇ ಕಡ್ಡಿ, ಉಳಿದವು ಸುಮ್ಮನೆ ನೇತಾಡುತ್ತವೆ. ಅವುಗಳನ್ನು ನೋಡದಿರುವುದನ್ನು ಕಲಿತರೆ ಅರ್ಧ ಕಲಿತಂತೆ.

ಉದ್ದದ ಆಯ್ಕೆಯೂ ಇದೆ. ಕಾಲುಚೀಲಕ್ಕೆ 15 ಸೆಂಟಿಮೀಟರಿನವು ಸಾಕು, ತೋಳು ಮತ್ತು ಕುಲಾವಿಗೆ 20, ಕೈಗವಸಿನ ಬೆರಳಿಗೆ 10. ಬೆರಳಿನ ಹದಿನೆಂಟು ಕುಣಿಕೆಯ ಕೊಳವೆಗೆ 20 ಸೆಂಟಿಮೀಟರಿನ ಕಡ್ಡಿ ಹಾಕಿದರೆ ಅಂಗೈಗೆ ಚುಚ್ಚುತ್ತಲೇ ಇರುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹೆಂಗಸರು ಇದಕ್ಕೆ ತದ್ವಿರುದ್ಧ. ಉದ್ದನೆಯ ಕಡ್ಡಿಗಳ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿದ, ಕುದುರೆ ಕೂದಲು ತುಂಬಿದ ತೂತುಗಳ ಚರ್ಮದ ಪಟ್ಟಿಗೆ ಸಿಕ್ಕಿಸಿಕೊಂಡು ನಡೆಯುತ್ತಲೇ ಹೆಣೆಯುತ್ತಿದ್ದರು.

ಕೊಳ್ಳುವುದೇ ಆದರೆ ದುಡ್ಡಿನ ಮಟ್ಟಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಸಾಮಾನ್ಯ ಲೋಹದ ಕಟ್ಟು ಒಂದೆರಡು ಉಂಡೆ ನೂಲಿನ ಬೆಲೆಗೆ ಬರುತ್ತದೆ. ನನ್ನ ಅಮ್ಮ ಅದನ್ನೂ ಕೊಂಡವಳಲ್ಲ. ಸೈಕಲ್ ಅಂಗಡಿಯಿಂದ ಚಕ್ರದ ಕಡ್ಡಿಗಳನ್ನು ತಂದು, ಗೇಣುದ್ದಕ್ಕೆ ತುಂಡು ಮಾಡಿಸಿ, ತುದಿಗಳನ್ನು ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಂಡಿದ್ದಳು. ಚಕ್ರದ ಕಡ್ಡಿ ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪ, ಸಪೂರ ನೂಲಿಗೆ ಹೇಳಿ ಮಾಡಿಸಿದ ಅಳತೆ. ನಾವು ಮಕ್ಕಳು ಕಲಿತದ್ದು ತೆಂಗಿನ ಗರಿಯ ಕಡ್ಡಿಯಲ್ಲಿ. ಅದು ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ನಮ್ಮ ಕುಣಿಕೆಗಳೂ ಹಾಗೆಯೇ ಇರುತ್ತಿದ್ದವು.

ದೋಷ ಪ್ರಯಾಣದಲ್ಲಿ ಕಾಣುತ್ತದೆ. ಒಮ್ಮೆ ರೈಲಿನಲ್ಲಿ ಖಾಲಿ ಕಡ್ಡಿ ಕೈಜಾರಿ ಸೀಟಿನಡಿ ಉರುಳಿತು. ಎದುರಿನವರು, ಅವರ ಪಕ್ಕದವರು, ಕೊನೆಗೆ ಕಡಲೆಕಾಯಿ ಮಾರುವ ಹುಡುಗನೂ ಬಗ್ಗಿ ಹುಡುಕಿದರು. ಸಿಗಲಿಲ್ಲ. ಚೀಲಕ್ಕೆ ತುರುಕಿದಾಗ ಕಡ್ಡಿಯಿಂದ ಕುಣಿಕೆಗಳು ಕಳಚಿಕೊಳ್ಳುವುದೂ ಉಂಟು. ಹೆಣಿಗೆ ಎತ್ತಿಡುವಾಗ ಕಡ್ಡಿಗಳನ್ನೆಲ್ಲ ಒಟ್ಟುಮಾಡಿ ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಇದು ತಪ್ಪುತ್ತದೆ. ಉರುಳುವುದು ತಪ್ಪಬೇಕೆಂದರೆ ಚೌಕ ಮೈಯ ಕಡ್ಡಿಗಳೂ ಸಿಗುತ್ತವೆ.

ಮ್ಯಾಜಿಕ್ ಲೂಪ್

ಸಾರಾ ಹೌಷ್ಕಾ ಎಂಬ ಅಮೆರಿಕದ ಹೆಣಿಗೆಗಾರ್ತಿ ಕಂಡುಕೊಂಡ ಈ ವಿಧಾನವನ್ನು ಬೆವ್ ಗಲೆಸ್ಕಾಸ್ 2002ರಲ್ಲಿ ಪುಟ್ಟ ಪುಸ್ತಿಕೆಯಾಗಿ ಪ್ರಕಟಿಸಿದ ಮೇಲೆ ಇದು ಎಲ್ಲೆಡೆ ಹರಡಿತು. ಉದ್ದನೆಯ ಸರ್ಕ್ಯುಲರ್ ಕಡ್ಡಿಯೊಂದರಲ್ಲಿ ಕುಣಿಕೆಗಳನ್ನು ಎರಡು ಪಾಲು ಮಾಡಿ, ನಡುವೆ ಕೇಬಲನ್ನು ಬಳೆಯಂತೆ ಹೊರಗೆಳೆಯುವುದು. ಒಂದು ಪಾಲು ಮುಂದಿನ ಕಡ್ಡಿಯ ಮೇಲೆ, ಇನ್ನೊಂದು ಹಿಂದೆ ಕೇಬಲಿನ ಮೇಲೆ. ಹೆಣೆಯಲೆಂದು ಹಿಂದಿನ ತುದಿಯನ್ನು ಹೊರಗೆಳೆದಾಗ ಎದುರು ಬದಿಯಲ್ಲೂ ಕೇಬಲಿನ ಒಂದು ಬಳೆ ಏಳುತ್ತದೆ. ಮುಂದಿನದನ್ನು ಹೆಣೆದು, ತಿರುಗಿಸಿ, ಕೇಬಲನ್ನು ಜಾರಿಸಿ, ಇನ್ನೊಂದನ್ನು ಹೆಣೆದರೆ ಒಂದು ಸುತ್ತು.

ಎಷ್ಟೇ ಸಣ್ಣ ಕೊಳವೆಯಾದರೂ ಇದು ಕೈಬಿಡುವುದಿಲ್ಲ ಎಂಬುದು ಇದರ ದೊಡ್ಡ ಗುಣ. 64 ಕುಣಿಕೆಗೂ ಅದೇ ಕಡ್ಡಿ, ನೆತ್ತಿಯ ಎಂಟಕ್ಕೂ ಅದೇ ಕಡ್ಡಿ. ಎರಡೇ ಮೂಲೆ. ಎರಡು ನೂಲುಂಡೆ ಇಟ್ಟುಕೊಂಡು ಎರಡೂ ಕಾಲುಚೀಲಗಳನ್ನು ಅಕ್ಕಪಕ್ಕದಲ್ಲಿ ಒಟ್ಟಿಗೆ ಹೆಣೆಯಬಹುದು. ಒಂದನ್ನು ಮುಗಿಸಿ, ಇನ್ನೊಂದಕ್ಕೆ ಮನಸ್ಸು ಬಾರದೆ ಒಂಟಿ ಕಾಲುಚೀಲಗಳನ್ನು ಕೂಡಿಹಾಕುವ ನನ್ನಂಥವರಿಗೆ ಈ ಒಂದು ಕಾರಣವೇ ಸಾಕು. ಸ್ವೆಟರಿನ ಎರಡು ತೋಳುಗಳೂ ಸುತ್ತಿಗೆ ಸುತ್ತು ಒಂದೇ ಉದ್ದ ಬರುತ್ತವೆ. ನಡುವೆ ಏಳಬೇಕಾದಾಗ ಕುಣಿಕೆಗಳನ್ನೆಲ್ಲ ಕೇಬಲಿಗೆ ಜಾರಿಸಿ ಎದ್ದರಾಯಿತು. ಮನೆಯಲ್ಲಿ ತೆವಳುವ ಮಗುವಿದ್ದರೂ ಕಳಚಿಹೋಗುವ ಕಡ್ಡಿಯೇ ಇರುವುದಿಲ್ಲ.

ಇಲ್ಲಿ ತೆರಿಗೆ ಕಟ್ಟುವುದು ಕೇಬಲ್. ಪ್ರತಿ ಸುತ್ತಿಗೆ ಎರಡು ಸಲ ನಿಲ್ಲಿಸಿ ಅದನ್ನು ಎಳೆಯಬೇಕು. ಕೆಲವರಿಗೆ ಈ ಎಳೆತದಲ್ಲಿ ಲಯ ತಪ್ಪುತ್ತದೆ, ನನಗೂ ಮೊದಲ ತಿಂಗಳು ಹಾಗೆಯೇ ಆಗಿತ್ತು. ಕೇಬಲ್ ಪೆಡಸಾಗಿದ್ದರಂತೂ ಕೆಲಸವೆಲ್ಲ ಅದರ ಜೊತೆಗಿನ ಜಗಳವೇ. ಆದ್ದರಿಂದ ಇಲ್ಲಿ ಕಡ್ಡಿಗಿಂತ ಕೇಬಲ್ ನೋಡಿ ಕೊಳ್ಳಬೇಕು. ಬೆರಳಿಗೆ ಸುತ್ತಿ ಬಿಟ್ಟಾಗ ಸುರುಳಿಯಾಗಿಯೇ ನಿಲ್ಲುವ ಕೇಬಲ್ ಬೇಡ. ಈಗಾಗಲೇ ಕೊಂಡಿದ್ದರೆ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ನೇರವಾಗಿ ಹಿಡಿದು ಆರಿಸಿದರೆ ಸ್ವಲ್ಪ ಮೆತ್ತಗಾಗುತ್ತದೆ. ಅದ್ದಬೇಕಾದದ್ದು ಕೇಬಲ್ ಮಾತ್ರ, ಮರದ ತುದಿಗಳನ್ನಲ್ಲ. ಕಡ್ಡಿಗೂ ಕೇಬಲಿಗೂ ಕೂಡುವ ಸಂದನ್ನು ಉಗುರಿನಿಂದ ಸವರಿ ನೋಡಿ. ಅಲ್ಲಿ ತಡೆದರೆ ಪ್ರತಿ ಕುಣಿಕೆಯೂ ಅಲ್ಲೇ ತಡೆಯುತ್ತದೆ. ಹೆಸರು ಬೇಡ, ಒಂದು ಅಗ್ಗದ ಕಡ್ಡಿ ಹಿಮ್ಮಡಿ ತಿರುಗಿಸುವ ಹೊತ್ತಿಗೆ ಸರಿಯಾಗಿ ಈ ಸಂದಿನಲ್ಲೇ ಕಳಚಿ ನನ್ನ ಮೂವತ್ತು ಕುಣಿಕೆಗಳನ್ನು ಗಾಳಿಗೆ ತೂರಿತ್ತು.

ಉದ್ದ ಕನಿಷ್ಠ 80 ಸೆಂಟಿಮೀಟರ್. ಎರಡು ಕಾಲುಚೀಲ ಒಟ್ಟಿಗೆ ಎಂದಾದರೆ 100. ಮನೆಯಲ್ಲಿ 60ರದ್ದು ಮಾತ್ರ ಇದ್ದರೆ ಎರಡು ಬಳೆಯ ಬದಲು ಒಂದೇ ಬಳೆ ಎಳೆದುಕೊಂಡು, ಅದರ ಜಾಗವನ್ನು ಬದಲಿಸುತ್ತ ಹೋಗುವ ಉಪಾಯವೂ ಇದೆ. ತಾತ್ಕಾಲಿಕಕ್ಕೆ ಅದು ಪರವಾಗಿಲ್ಲ.

ಒಂದೇ ಕೇಬಲಿಗೆ ಬೇರೆ ಬೇರೆ ಅಳತೆಯ ತುದಿಗಳನ್ನು ತಿರುಪಿ ಕೂಡಿಸುವ, ತುದಿ ಬದಲಿಸುವ ಸೆಟ್ಟುಗಳ ಬಗ್ಗೆ ಒಂದು ಎಚ್ಚರಿಕೆ. ದುಬಾರಿ ಸೆಟ್ ಕೊಂಡರೆ ಕಾಲುಚೀಲಕ್ಕೂ ಆಗುತ್ತದೆ ಎಂದು ಬಹಳ ಮಂದಿ ನಂಬಿರುತ್ತಾರೆ. ಹೆಚ್ಚಿನ ಸೆಟ್ಟುಗಳು ಶುರುವಾಗುವುದೇ 3 ಅಥವಾ 3.5 ಮಿಲಿಮೀಟರಿನಿಂದ. ಕಾಲುಚೀಲಕ್ಕೆ ಬೇಕಾದದ್ದು 2.25ರಿಂದ 2.75. ಅಷ್ಟು ಸಪೂರ ಕಡ್ಡಿಯನ್ನು ತಿರುಪು ಇಲ್ಲದ, ಕೇಬಲಿಗೆ ಶಾಶ್ವತವಾಗಿ ಕೂಡಿಸಿದ ರೂಪದಲ್ಲಿ ಬಿಡಿಯಾಗಿ ಕೊಳ್ಳುವುದೇ ಲೇಸು.

ಎರಡು ಸರ್ಕ್ಯುಲರ್

ಅರ್ಧ ಕುಣಿಕೆ ಒಂದು ಸರ್ಕ್ಯುಲರಿನಲ್ಲಿ, ಇನ್ನರ್ಧ ಇನ್ನೊಂದರಲ್ಲಿ. ಆಯಾ ಪಾಲನ್ನು ಅದೇ ಕಡ್ಡಿಯ ಎರಡು ತುದಿಗಳಿಂದ ಹೆಣೆಯುವುದು. ಕೇಬಲ್ ಎಳೆಯುವ ಕೆಲಸ ಕಡಿಮೆ, ಮೂಲೆ ಎರಡೇ. ಆದರೆ ಒಂದೇ ಅಳತೆಯ ಎರಡು ಕಡ್ಡಿ ಬೇಕು, ಅಂದರೆ ಖರ್ಚೂ ಎರಡು ಪಟ್ಟು. ಒಂದರ ತುದಿಯ ಬದಲು ಇನ್ನೊಂದರ ತುದಿ ಹಿಡಿದು, ಅಷ್ಟೂ ಕುಣಿಕೆ ಒಂದೇ ಕಡ್ಡಿಗೆ ಬಂದು ಸೇರುವ ತಪ್ಪು ಎಲ್ಲರೂ ಮಾಡುತ್ತಾರೆ. ಒಂದು ಲೋಹ, ಇನ್ನೊಂದು ಬಣ್ಣದ ಮರ ಇದ್ದರೆ ಗುರುತು ಸಿಗುತ್ತದೆ, ಆದರೆ ಎರಡರಲ್ಲಿ ಹೆಣಿಗೆಯ ಬಿಗಿ ಬೇರೆಯಾಗಿ ಕಾಲುಚೀಲದ ಮುಂದೊಂದು ಬಗೆ, ಹಿಂದೊಂದು ಬಗೆ ಬರುತ್ತದೆ. ಈಗಾಗಲೇ ಮನೆಯಲ್ಲಿ ಎರಡಿದ್ದವರು ಪ್ರಯತ್ನಿಸಬಹುದು. ಇದಕ್ಕೆಂದೇ ಹೋಗಿ ಕೊಳ್ಳುವಂಥದ್ದಲ್ಲ.

ಪುಟಾಣಿ ಸರ್ಕ್ಯುಲರ್

23 ಸೆಂಟಿಮೀಟರಿನ ಈ ಪುಟ್ಟ ಬಳೆ ನೋಡಲು ಆಟಿಕೆಯಂತಿದೆ. ಮೂಲೆಯೇ ಇಲ್ಲ, ನಿಲ್ಲಿಸುವುದಿಲ್ಲ, ಎಳೆಯುವುದಿಲ್ಲ, ಸುತ್ತಿದ್ದೇ ಸುತ್ತಿದ್ದು. ದೊಡ್ಡವರ ಕಾಲುಚೀಲದ ಉದ್ದನೆಯ ಸಾದಾ ಭಾಗವನ್ನು ಟಿ.ವಿ. ನೋಡುತ್ತ ಮುಗಿಸಲು ಇದಕ್ಕೆ ಸಾಟಿಯಿಲ್ಲ. ಹತ್ತಿ ನೂಲಿನಲ್ಲೂ ಏಣಿ ಬೀಳುವುದಿಲ್ಲ.

ಆದರೆ ಬಳೆ ಚಿಕ್ಕದಾಗಬೇಕಾದರೆ ಕಡ್ಡಿಯ ತುದಿಗಳೂ ಚಿಕ್ಕದಾಗಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಉದ್ದವಿರದೆ ಬೆರಳ ತುದಿಯಲ್ಲೇ ಹಿಡಿಯಬೇಕಾಗುತ್ತದೆ. ಗಂಟುನೋವಿದ್ದವರಿಗೆ ಅರ್ಧ ಗಂಟೆಯಲ್ಲೇ ಸಾಕಾಗಿಹೋಗುತ್ತದೆ. ಪಕ್ಕದ ಮನೆಯವರು ಇದನ್ನೇ ಕೊಳ್ಳಬೇಕೆಂದಿದ್ದರು, ನಾನು ಬೇಡವೆಂದೆ. ಎರಡನೆಯ ಮಿತಿ ಸುತ್ತಳತೆಯದು. 20 ಸೆಂಟಿಮೀಟರಿನ ಕೊಳವೆಯನ್ನು ತುಸು ಹಿಗ್ಗಿಸಿ ಕೂರಿಸಬಹುದು, ಕೂಸಿನ ಕಾಲುಚೀಲ ಕೂರುವುದೇ ಇಲ್ಲ. ದೊಡ್ಡವರದಾದರೂ ಕಾಲ್ಬೆರಳ ತುದಿ ಕಿರಿದಾಗುವಾಗ ಬೇರೆ ಕಡ್ಡಿಗೆ ಹೋಗಲೇಬೇಕು. ಅಂದರೆ ಇದು ಒಬ್ಬಂಟಿಯಾಗಿ ಸಂಸಾರ ನಡೆಸುವ ಕಡ್ಡಿಯಲ್ಲ. ಐದು ಕಡ್ಡಿಯ ಕಟ್ಟು ಮನೆಯಲ್ಲಿರುವವರಿಗೆ ಎರಡನೆಯ ಖರೀದಿಯಾಗಿ ಮಾತ್ರ ಸರಿ. 30 ಸೆಂಟಿಮೀಟರಿನದು ತೋಳಿನ ಅಗಲ ಭಾಗಕ್ಕೂ ಕುಲಾವಿಯ ಕೆಳಭಾಗಕ್ಕೂ ಚೆನ್ನಾಗಿ ಒದಗುತ್ತದೆ, ತುದಿಗಳೂ ತುಸು ಉದ್ದ.

ಬಾಗುವ ಮೂರು ಕಡ್ಡಿ

ಜರ್ಮನಿಯ ಆಲ್ಟೆನಾದಲ್ಲಿ 1829ರಿಂದ ಕಡ್ಡಿ ಮಾಡುತ್ತಿರುವ ಸಂಸ್ಥೆಯ ಆಡ್ಡಿ ಎಂಬ ಬ್ರ್ಯಾಂಡು, ನಡುವೆ ಸಣ್ಣ ಕೇಬಲ್ ಇರುವ ಗೇಣುದ್ದದ ಮೂರು ಕಡ್ಡಿಗಳ ಕಟ್ಟನ್ನು ಮಾರುತ್ತದೆ. ಎರಡರಲ್ಲಿ ಕುಣಿಕೆ, ಮೂರನೆಯದರಲ್ಲಿ ಹೆಣಿಗೆ. ಐದು ಕಡ್ಡಿಯ ಲಯವೂ ಎರಡೇ ಮೂಲೆಯ ಅಂದವೂ ಒಟ್ಟಿಗೆ ಸಿಗುತ್ತವೆ. ಕೇಬಲ್ ಎಳೆಯುವ ಗೋಜು ಬಹುಮಟ್ಟಿಗೆ ಇಲ್ಲ. ನಡುಭಾಗ ಬಾಗುವುದರಿಂದ ಅಂಗೈಗೆ ಚುಚ್ಚುವುದಿಲ್ಲ. ಬೇರೆ ಸಂಸ್ಥೆಗಳೂ ಇಂಥದ್ದನ್ನು ತರುತ್ತವೆ. ಬೆಲೆ ಮಾತ್ರ ಸಾಮಾನ್ಯ ಕಟ್ಟಿನ ಹಲವು ಪಟ್ಟು, ಒಂದು ಕಳೆದರೆ ಇಡೀ ಕಟ್ಟೇ ವ್ಯರ್ಥ. ಜರ್ಮನಿಗೆ ಹೊರಟ ಗೆಳತಿಗೆ ನಾನು ಹೇಳಿದ್ದು ಇದನ್ನೇ: ಹೇಗೂ ಅಲ್ಲಿ ಮೂರು ತಿಂಗಳು ಇರುತ್ತೀರಿ, ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ, ಒಪ್ಪಿದರೆ ಒಂದು ಕಟ್ಟು ಕೊಳ್ಳಿ, ಇಲ್ಲಿಂದ ಒಯ್ಯಬೇಡಿ.

ಲೋಹವೋ, ಬಿದಿರೋ, ಮರವೋ

ವಿಧಾನ ಆರಿಸಿದ ಮೇಲೆ ಈ ಪ್ರಶ್ನೆ ಬರುತ್ತದೆ. ಲೋಹದಲ್ಲಿ ಕುಣಿಕೆ ಸರಸರ ಜಾರುತ್ತದೆ. ಮ್ಯಾಜಿಕ್ ಲೂಪಿಗೆ ಅದೇ ಬೇಕು. ಐದು ಕಡ್ಡಿಯಲ್ಲಿ ಅದೇ ಜಾರುವಿಕೆ ಶತ್ರು, ಕಡ್ಡಿಯೇ ಕುಣಿಕೆಗಳಿಂದ ಸರಿದು ನೆಲಕ್ಕೆ ಬೀಳುತ್ತದೆ. ಅಲ್ಲಿ ಬಿದಿರು ಅಥವಾ ಮರದ ಹಿಡಿತ ವಾಸಿ. ಸಡಿಲ ಕೈಯವರಿಗೆ ಬಿದಿರು, ಬಿಗಿ ಕೈಯವರಿಗೆ ಲೋಹ ಎಂಬುದೂ ಸ್ಥೂಲವಾಗಿ ನಿಜ. ನಿಕಲ್ ತಾಗಿದರೆ ಚರ್ಮ ಕೆರೆಯುವವರು ನಿಕಲ್ ಲೇಪದ ಕಡ್ಡಿಯನ್ನು ಮುಟ್ಟಬಾರದು. ಬೆವರುವ ಕೈಗೆ ಬಿದಿರು ಹಿತವಾದರೂ ಅಕ್ರಿಲಿಕ್ ನೂಲು ಅದರ ಮೇಲೆ ಅಂಟಂಟಾಗಿ ತಡೆಯುತ್ತದೆ. ನಮ್ಮ ಊರುಗಳ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು ಅಕ್ರಿಲಿಕ್ಕೇ ಆದ್ದರಿಂದ ಇದನ್ನು ಮರೆಯಬಾರದು. 2.25 ಮಿಲಿಮೀಟರಿನ ಮರದ ಕಡ್ಡಿಯ ಮೇಲೆ ಯಾರಾದರೂ ಕೂತರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಒಂದು ಕಾಲುಚೀಲದ ನಡುವೆ ಮಾತ್ರ ಲೋಹದಿಂದ ಬಿದಿರಿಗೆ ಬದಲಾಯಿಸಬೇಡಿ, ಹೆಣಿಗೆಯ ಬಿಗಿ ಬದಲಾಗಿ ಅಲ್ಲೊಂದು ಗೆರೆ ಎದ್ದು ಕಾಣುತ್ತದೆ.

ಅಳತೆ ಹೇಳುವಾಗ ಮಿಲಿಮೀಟರಿನಲ್ಲೇ ಹೇಳಿ. ನಮ್ಮಲ್ಲಿ ಹಳೆಯ ಬ್ರಿಟಿಷ್ ನಂಬರು ಇನ್ನೂ ಚಾಲ್ತಿಯಲ್ಲಿದೆ. ಅದರಲ್ಲಿ ನಂಬರು ಏರಿದಂತೆ ಕಡ್ಡಿ ತೆಳುವಾಗುತ್ತದೆ, 8 ಎಂದರೆ 4 ಮಿಲಿಮೀಟರ್, 14 ಎಂದರೆ 2. ಅಮೆರಿಕದ ನಂಬರು ಇದಕ್ಕೆ ಉಲ್ಟಾ, ಅಲ್ಲಿ 8 ಎಂದರೆ 5 ಮಿಲಿಮೀಟರ್. ಅಮೆರಿಕದ ಮಾದರಿ ನೋಡಿ ಇಲ್ಲಿನ ಅಂಗಡಿಯಲ್ಲಿ ನಂಬರು ಹೇಳಿದರೆ ಅಪ್ಪನಿಗೆಂದು ಹೆಣೆದದ್ದು ಮಗನಿಗಾಗುತ್ತದೆ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ಮನೆಯಲ್ಲೇ ಕೂತು ಹೆಣೆಯುವವರು, ಉಣ್ಣೆಯ ನೂಲು ಎಂದಾದರೆ ಬಿದಿರಿನ ಐದು ಕಡ್ಡಿ, 15 ಸೆಂಟಿಮೀಟರಿನದು. ಕೈಗವಸು ಹೆಣೆಯುವವರಿಗೂ ಐದು ಕಡ್ಡಿಯೇ, ಬೆರಳಿಗೆ ಮಾತ್ರ 10 ಸೆಂಟಿಮೀಟರಿನದು, ಅಲ್ಲಿ ಬೇರೆ ಯಾವುದೂ ಅಷ್ಟು ಒಗ್ಗುವುದಿಲ್ಲ. ಬಸ್ಸು, ರೈಲು, ಆಸ್ಪತ್ರೆಯ ಬೆಂಚು ನಿಮ್ಮ ಹೆಣಿಗೆಯ ಜಾಗವಾಗಿದ್ದರೆ ಮ್ಯಾಜಿಕ್ ಲೂಪ್. ಹತ್ತಿ ನೂಲಿನ ಕೂಸಿನ ಕಾಲುಚೀಲಕ್ಕೂ ಅದನ್ನೇ ಹೇಳುತ್ತೇನೆ. ಒಂದೇ ಒಂದು ಕಡ್ಡಿ ಕೊಳ್ಳುವಷ್ಟೇ ಅವಕಾಶವಿದ್ದರೂ ಅದೇ ಸರಿ, ಏಕೆಂದರೆ ಅದೇ ಉದ್ದನೆಯ ಕಡ್ಡಿಯಲ್ಲಿ ಶಾಲನ್ನೂ ಚಪ್ಪಟೆಯಾಗಿ ಹೆಣೆಯಬಹುದು, ಐದು ಕಡ್ಡಿಯಲ್ಲಿ ಅದಾಗದು. ಬೆರಳ ಗಂಟು ನೋಯುವವರು ಉದ್ದನೆಯ ತುದಿಯ, ಮೆತ್ತನೆಯ ಕೇಬಲಿನ ಸರ್ಕ್ಯುಲರಿನಲ್ಲಿ ಮ್ಯಾಜಿಕ್ ಲೂಪನ್ನು ಮೊದಲು ಯಾರಿಂದಾದರೂ ಕಡ ಪಡೆದು ನೋಡಲಿ. ಪಕ್ಕದ ಮನೆಯವರು ನನ್ನದನ್ನು ಒಯ್ದು ಎರಡು ವಾರವಾಯಿತು, ಕೈ ನೋವಿನ ಮಾತು ಬಂದಿಲ್ಲ, ಕಡ್ಡಿಯೂ ಬಂದಿಲ್ಲ.

ಅಕ್ಕನ ಮಗಳು 2.5 ಮಿಲಿಮೀಟರಿನ, 80 ಸೆಂಟಿಮೀಟರ್ ಉದ್ದದ ಸರ್ಕ್ಯುಲರ್ ಕೊಂಡು ಹತ್ತಿ ನೂಲಿನಲ್ಲಿ ಒಂದು ಜೊತೆ ಕಾಲುಚೀಲ ಮುಗಿಸಿದ್ದಾಳೆ. ಕುಲಾವಿಯ ನೂಲು ದಪ್ಪ, ಅದಕ್ಕೆ 4 ಮಿಲಿಮೀಟರಿನ ಕಡ್ಡಿ ಬೇಕು. ಕೆಳಭಾಗವನ್ನು ಮನೆಯಲ್ಲಿದ್ದ ಗಿಡ್ಡ ಸರ್ಕ್ಯುಲರಿನಲ್ಲಿ ಹೆಣೆದು, ನೆತ್ತಿಗೆಂದು ನನ್ನ ಬಿದಿರಿನ ಐದು ಕಡ್ಡಿಯ ಕಟ್ಟನ್ನು ಕಡ ಒಯ್ದಿದ್ದಳು. ಮೊನ್ನೆ ನಾಲ್ಕನ್ನು ಹಿಂದಿರುಗಿಸಿದಳು.